ಪ್ರತಿಕ್ರಿಯೆ: 1917ರಲ್ಲಿ ಸತ್ತ ಪೈಲಟ್ ಹೆಸರು ರಾಯಲ್ ಏರ್ ಫೋರ್ಸ್ ಪಟ್ಟಿಯಲ್ಲಿ ಏಕಿಲ್ಲ?

ಆಗ ರಾಯಲ್ ಏರ್ ಫೋರ್ಸ್ (ಬ್ರಿಟನ್ನಿನ ವಾಯುಪಡೆ) ಇರಲೇ ಇಲ್ಲ, ಬಹುಶಃ ಅದೇ ಕಾರಣ. ಅದು ಶುರುವಾದದ್ದು 1918ರ ಏಪ್ರಿಲ್ 1ರಂದು. ಅದಕ್ಕೂ ಮುಂಚೆ ಭೂಸೇನೆಯ ರಾಯಲ್ ಫ್ಲೈಯಿಂಗ್ ಕೋರ್, ನೌಕಾಪಡೆಯ ರಾಯಲ್ ನೇವಲ್ ಏರ್ ಸರ್ವಿಸ್ ಬೇರೆ ಬೇರೆ ಇದ್ದವು. ನೀವು ಹೇಳಿದ ಪೈಲಟ್ ಮೊದಲ ಮಹಾಯುದ್ಧದಲ್ಲಿ ಸತ್ತದ್ದು 1917ರ ಏಪ್ರಿಲ್‌ನಲ್ಲಿ, ಫ್ರಾನ್ಸ್‌ನ ಅರಾಸ್ ಹತ್ತಿರ.

ಮೊದಲು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ವೆಬ್‌ಸೈಟಿನಲ್ಲಿ ಬರೀ ಮನೆತನದ ಹೆಸರು ಮತ್ತು ಇಸವಿ ಹಾಕಿ ಹುಡುಕಿ. ದಳದ ಹೆಸರು ಹಾಕಬೇಡಿ. ಎಷ್ಟೋ ಅಧಿಕಾರಿಗಳು ಕಾಲಾಳು ರೆಜಿಮೆಂಟಿನಿಂದ ಹಾರಾಟಕ್ಕೆ ಬಂದವರು, ಹಳೇ ರೆಜಿಮೆಂಟಿನ ಹೆಸರಲ್ಲೇ ದಾಖಲಾಗಿರಬಹುದು. ನಾನೂ ಒಬ್ಬರನ್ನು ಹುಡುಕುವಾಗ ಇಲ್ಲೇ ಸಿಕ್ಕಿಹಾಕಿಕೊಂಡಿದ್ದೆ.

ಸಮಾಧಿ ಸಿಗದಿದ್ದರೆ ಅರಾಸ್‌ನ ಫ್ಲೈಯಿಂಗ್ ಸರ್ವಿಸಸ್ ಸ್ಮಾರಕದ ಪಟ್ಟಿ ನೋಡಿ. ಪಶ್ಚಿಮ ರಣರಂಗದಲ್ಲಿ (ಫ್ರಾನ್ಸ್, ಬೆಲ್ಜಿಯಂ ಕಡೆ) ಕಾಣೆಯಾದ, ಸಮಾಧಿಯೇ ಗೊತ್ತಿಲ್ಲದ ಸುಮಾರು 1,000 ವಾಯುಯೋಧರ ಹೆಸರು ಅಲ್ಲಿ ಕೆತ್ತಿದೆ. ನಿಮ್ಮ ಪೈಲಟ್ ಸತ್ತ ಆ 1917ರ ಏಪ್ರಿಲ್ ತಿಂಗಳನ್ನು ಬ್ರಿಟಿಷರು 'ರಕ್ತದ ಏಪ್ರಿಲ್' ಅಂತಲೇ ಕರೆಯುತ್ತಾರೆ. ಜರ್ಮನ್ನರ ಆಲ್ಬಟ್ರಾಸ್ ವಿಮಾನಗಳು ಆಗ ಜಾಸ್ತಿ ವೇಗದವು. ಬ್ರಿಟಿಷ್ ಪೈಲಟ್‌ಗಳಿಗೆ ಪ್ಯಾರಾಶೂಟ್ ಕೂಡ ಕೊಟ್ಟಿರಲಿಲ್ಲ. ವಿಮಾನಕ್ಕೆ ಬೆಂಕಿ ಹತ್ತಿದರೆ ಆ ಹುಡುಗರು ಏನು ಮಾಡಬೇಕಿತ್ತು ಹೇಳಿ? ನೆನೆಸಿಕೊಂಡರೆ ಸಂಕಟವಾಗುತ್ತದೆ.

ಅವರು ಅಧಿಕಾರಿಯಾಗಿದ್ದರೆ ಲಂಡನ್ನಿನ ರಾಯಲ್ ಏರ್ ಫೋರ್ಸ್ ಮ್ಯೂಸಿಯಂ ಆನ್‌ಲೈನ್‌ಗೆ ಹಾಕಿರುವ ಕ್ಯಾಶುಯಲ್ಟಿ ಫಾರಂಗಳನ್ನೂ (ಸಾವು, ಗಾಯ, ಕಾಣೆಯಾದದ್ದು ಬರೆದಿಟ್ಟ ಫಾರಂಗಳು) ತೆಗೆದು ನೋಡಿ. 'ಮಿಸ್ಸಿಂಗ್' (ಕಾಣೆ) ಅಂತಷ್ಟೇ ಇದ್ದರೆ ಸತ್ತರು ಅಂತ ತೀರ್ಮಾನಿಸಬೇಡಿ, ಸೆರೆ ಸಿಕ್ಕಿದವರಿಗೂ ಮೊದಲು ಹಾಗೇ ಬರೆಯುತ್ತಿದ್ದರು. ಅದೇ ಫಾರಂನಲ್ಲಿ ಮುಂದಿನ ತಾರೀಖಿನ ಸಾಲು ಓದಿ.