ಗೆದ್ದವರಿಗೂ ಮೂಗುದಾರ

ಪ್ರಶ್ನೆ: ಬೆಣ್ಣೆ ದೋಸೆ ತಿನ್ನೋಕೆ ಕೂತಾಗಲೆಲ್ಲ ನಮ್ಮ ಗುಂಪಿನಲ್ಲಿ ಇದೇ ಜಗಳ. ಜನ ಓಟು ಹಾಕಿ ಗೆಲ್ಲಿಸಿದವರು ಮಾಡಿದ ಕಾನೂನನ್ನು ಯಾರೂ ಓಟು ಹಾಕದ ಜಡ್ಜ್‌ಗಳು ರದ್ದು ಮಾಡ್ತಾರಲ್ಲ, ಇದೆಂಥ ಪ್ರಜಾಪ್ರಭುತ್ವ?
— ಓದುಗರೊಬ್ಬರು, ವಿನೋಬನಗರ, ದಾವಣಗೆರೆ

ಉತ್ತರ: ಯಾರು ಆಳಬೇಕು ಅಂತ ಓಟು ಹೇಳುತ್ತದೆ. ಎಲ್ಲಿಯವರೆಗೆ ಆಳಬಹುದು ಅಂತ ಸಂವಿಧಾನ ಹೇಳುತ್ತದೆ. ಎತ್ತು ಎಷ್ಟೇ ಒಳ್ಳೆಯದಿರಲಿ, ಮೂಗುದಾರ ಇಲ್ಲದೆ ಯಾರಾದರೂ ಬಂಡಿ ಕಟ್ಟುತ್ತಾರಾ?

ದುರ್ಗದ ಕೋಟೆಗೆ ಹೋದಾಗ ಒಮ್ಮೆ ಯೋಚಿಸಿ ನೋಡಿ. ನಾಯಕರ ಕಾಲದಲ್ಲಿ ಕಟ್ಟಳೆ ಮಾಡುವವರು ಅವರೇ, ಕಂದಾಯ ಎತ್ತುವವರು ಅವರ ಕಡೆಯವರೇ, ಕೊನೆಯ ನ್ಯಾಯ ಹೇಳುವವರೂ ಅವರೇ. ದೊರೆ ಒಳ್ಳೆಯವನಾದರೆ ಊರಿಗೆ ಕೆರೆ, ಹೊಂಡ. ಕೆಟ್ಟವನಾದರೆ ಯಾರ ಹತ್ತಿರ ದೂರು ಹೇಳುವುದು? ಅವನ ಹತ್ತಿರವೇ! ಅದಕ್ಕೇ ಈಗ ಈ ಮೂರು ಕೆಲಸ ಮೂರು ಕಡೆ ಹಂಚಿಹೋಗಿವೆ. ಶಾಸನಸಭೆ ಕಾನೂನು ಮಾಡುತ್ತದೆ, ಸರ್ಕಾರ ನಡೆಸುತ್ತದೆ, ಕೋರ್ಟು ತಪ್ಪು ಕಂಡರೆ ತಡೆಯುತ್ತದೆ. ಕೋರ್ಟು ಸುಮ್ನೆ ಮನಸ್ಸಿಗೆ ಬಂದಂತೆ ತಡೆಯುವುದೂ ಅಲ್ಲ. ಮೂಲಭೂತ ಹಕ್ಕನ್ನು ಮುರಿಯುವ ಕಾನೂನು ನಿಲ್ಲುವುದಿಲ್ಲ ಅಂತ 13ನೇ ವಿಧಿಯಲ್ಲೇ ಬರೆದಿದೆ. ಜಡ್ಜ್‌ಗಳಿಗೂ ದಾರ ಇದೆ ಬಿಡಿ, ದುರ್ನಡತೆ ಸಾಬೀತಾದರೆ ಸಂಸತ್ತು ಅವರನ್ನು ತೆಗೆಯಬಹುದು.

ನಮ್ಮ ರಾಜ್ಯದ್ದೇ ಒಂದು ಕೇಸು ಹೇಳುತ್ತೇನೆ, ನಿಮ್ಮ ಗುಂಪಿಗೂ ಹೇಳಿ. 1989ರ ಏಪ್ರಿಲ್‌ನಲ್ಲಿ ಆಗಿನ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿಯವರಿಗೆ ಬಹುಮತ ಇಲ್ಲ ಅಂತ ರಾಜ್ಯಪಾಲರು ದೆಹಲಿಗೆ ವರದಿ ಕಳಿಸಿದರು. ವಿಧಾನಸಭೆಯಲ್ಲೇ ತೋರಿಸ್ತೀನಿ ಅಂತ ಬೊಮ್ಮಾಯಿಯವರು ಕೇಳಿಕೊಂಡರೂ ಅವಕಾಶ ಸಿಗಲಿಲ್ಲ, ಸರ್ಕಾರ ವಜಾ ಆಗಿ ರಾಷ್ಟ್ರಪತಿ ಆಡಳಿತ ಬಂತು. ಸುಪ್ರೀಂ ಕೋರ್ಟಿನ ಒಂಬತ್ತು ಜಡ್ಜ್‌ಗಳ ಪೀಠ ತೀರ್ಪು ಕೊಟ್ಟಿದ್ದು 1994ರ ಮಾರ್ಚ್ 11ರಂದು: ಬಹುಮತದ ಲೆಕ್ಕ ಆಗಬೇಕಾದ್ದು ಸದನದಲ್ಲಿ, ರಾಜಭವನದಲ್ಲಿ ಅಲ್ಲ. ಬೊಮ್ಮಾಯಿಯವರಿಗೆ ಹೋದ ಕುರ್ಚಿ ವಾಪಸ್ ಬರಲಿಲ್ಲ, ನಿಜ. ಆದರೆ ನೀವು ಓಟು ಹಾಕಿದ ಶಾಸಕರ ಕೈ ಎಣಿಸಿ ಅಂತ ಹೇಳಿದ್ದು ಯಾರು? ಅದೇ ಓಟು ಬೀಳದ ಜಡ್ಜ್‌ಗಳು ಅಲ್ವಾ?

ಪ್ರಶ್ನೆ: ಮೂರನೇ ಎರಡು ಬಹುಮತ ಇದ್ದರೆ ಸಂವಿಧಾನವನ್ನೇ ಬದಲಾಯಿಸಬಹುದಲ್ಲ?
— ಓದುಗರೊಬ್ಬರು, ಚಳ್ಳಕೆರೆ

ಉತ್ತರ: ತಿದ್ದಬಹುದು, ನೂರಕ್ಕೂ ಜಾಸ್ತಿ ಸಲ ತಿದ್ದಿದ್ದಾರೆ. ಬುಡ ಕೀಳುವ ಹಾಗಿಲ್ಲ. ಇದು ಇತ್ಯರ್ಥವಾಗಿದ್ದು ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ ಹಾಕಿದ ಕೇಸಿನಲ್ಲಿ. ಅವರು ಹೋಗಿದ್ದು ಕೇರಳದ ಭೂಸುಧಾರಣೆ ಕಾನೂನಿನ ವಿರುದ್ಧ, ಮಠದ ಜಮೀನಿಗಾಗಿ. 1973ರ ಏಪ್ರಿಲ್ 24ರಂದು 13 ಜಡ್ಜ್‌ಗಳಲ್ಲಿ 7 ಜನ ಒಂದು ಕಡೆ, 6 ಜನ ಇನ್ನೊಂದು ಕಡೆ ಆಗಿ, ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ಕೆಡಿಸುವಂತಿಲ್ಲ ಅಂತ ತೀರ್ಪಾಯಿತು. ಒಂದೇ ಒಂದು ತಲೆ ಆ ಕಡೆ ವಾಲಿದ್ದರೆ ಕಥೆಯೇ ಬೇರೆ!

ಪ್ರಶ್ನೆ: ಇವೆಲ್ಲ ದೊಡ್ಡವರ ವಿಷಯ. ಸಣ್ಣ ಅಂಗಡಿ ಇಟ್ಟುಕೊಂಡ ನನಗೆ ಸಂವಿಧಾನದಿಂದ ಏನಾಗಬೇಕು ಸಾರ್?
— ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ಒಳ್ಳೆ ಪ್ರಶ್ನೆ. ನಮ್ಮ ಭಾವನವರದ್ದೂ ಸಣ್ಣ ಅಂಗಡಿಯೇ. ಒಂದು ಬೆಳಿಗ್ಗೆ ಶೆಟರ್ ಮೇಲೆ ಚೀಟಿ ಅಂಟಿತ್ತು, ಅಂಟು ಇನ್ನೂ ಹಸಿಯಾಗಿತ್ತು. ಮುಂದಿನ ತಗಡು ಮೂರು ದಿನದಲ್ಲಿ ತೆಗೆಯದಿದ್ದರೆ ನಾವೇ ಕೆಡವುತ್ತೇವೆ ಅಂತ. ಯಾವ ಕಾಯ್ದೆ, ಯಾವ ಕಲಂ, ಯಾರು ಬರೆದದ್ದು, ಒಂದೂ ಇಲ್ಲ. ಕಚೇರಿಯ ಹೆಸರು ಇಲ್ಲಿ ಬೇಡ. ಭಾವನವರು ಯಾರೋ ಲೀಡರ್ ಮನೆಗೆ ಹೊರಟಿದ್ದರು, ನಾನು ತಡೆದು ಬಿಳಿ ಹಾಳೆಯಲ್ಲಿ ಎರಡೇ ಸಾಲು ಬರೆಸಿದೆ: ಯಾವ ಕಲಮಿನ ಪ್ರಕಾರ ಈ ಆದೇಶ, ನಮ್ಮ ಮಾತು ಯಾವಾಗ ಕೇಳುತ್ತೀರಿ? ಕಾನೂನಿನ ಆಧಾರ ಇಲ್ಲದೆ ಯಾರ ಆಸ್ತಿಯನ್ನೂ ಕಸಿಯುವಂತಿಲ್ಲ ಅಂತ 300ಎ ವಿಧಿ ಹೇಳುತ್ತದೆ, ಅದನ್ನೂ ಕೆಳಗೆ ಸೇರಿಸಿದೆವು. ಟಪಾಲಿನಲ್ಲಿ ಕೊಟ್ಟು ಸೀಲು ಹಾಕಿಸಿಕೊಂಡು ಬಂದರು.

ಮೂರು ದಿನ ಕಳೆಯಿತು, ಯಾರೂ ಬರಲಿಲ್ಲ. ಆಮೇಲೆ ಇನ್ನೊಂದು ನೋಟಿಸು ಬಂತು, ಈ ಸಲ ಕಲಂ ನಂಬರು, ವಿಚಾರಣೆ ದಿನ, ಸಹಿ ಎಲ್ಲ ಇತ್ತು. ವಿಚಾರಣೆ ಮುಗಿದು ಟೇಪು ಹಿಡಿದು ಅಳೆದರೆ ತಗಡು ಚರಂಡಿ ಮೇಲೆ ಒಂದೂವರೆ ಅಡಿ ಬಂದಿತ್ತು. ಭಾವನವರೇ ಏಣಿ ಹತ್ತಿ ಅಷ್ಟನ್ನು ಬಿಚ್ಚಿದರು. ಉಳಿದದ್ದು ಈಗಲೂ ಅಲ್ಲೇ ಇದೆ.