ಹೊಸ ಕಾರನ್ನು ಮೊದಲ ಸಲ ತೊಳೆಯುವಾಗಲೇ ಪಾಲಿಶ್, ವ್ಯಾಕ್ಸ್ ಎರಡೂ ಬೇಕಾ?

ಪಾಲಿಶ್ ಬೇಡ. ತೊಳೆದು ವ್ಯಾಕ್ಸ್ ಹಚ್ಚಿದರೆ ಸಾಕು. ಬಣ್ಣದ ಮೇಲೆ ಕ್ಲಿಯರ್ ಕೋಟ್ ಅಂತ ತೆಳುವಾದ ಪಾರದರ್ಶಕ ಪದರ ಇರುತ್ತದೆ, ಪಾಲಿಶ್ ಅದನ್ನೇ ಚೂರು ಸವೆಸಿ ಗೀರು ಮರೆಮಾಡುತ್ತದೆ. ಗೀರೇ ಇಲ್ಲದ ಕಾರಿಗೆ ಸುಮ್ನೆ ಯಾಕೆ, ಅಲ್ವಾ? ವ್ಯಾಕ್ಸ್ ಮಾತ್ರ ಏನೂ ಸವೆಸದೆ ಮೇಲೆ ಕೂರುತ್ತದೆ. ಕಂಪನಿಯಲ್ಲಿ ಬಣ್ಣವನ್ನು ಬಿಸಿಯಲ್ಲಿ ಒಣಗಿಸಿರುತ್ತಾರೆ, ಹಾಗಾಗಿ ವ್ಯಾಕ್ಸ್ ಹಚ್ಚೋಕೆ ತಿಂಗಳುಗಟ್ಟಲೆ ಕಾಯಬೇಕಿಲ್ಲ.

ನಮ್ಮ ಕಲಬುರಗಿಯಲ್ಲಿ ತೊಂದರೆ ಜಾಸ್ತಿ ಬರುವುದು ಧೂಳಿನಿಂದ, ಬೋರ್ ನೀರಿನಿಂದ. ಸೇಡಂ ರಸ್ತೆಯ ಧೂಳು ಕೂತ ಕಾರನ್ನು ಒಣಬಟ್ಟೆಯಲ್ಲಿ ಒರೆಸಿದರೆ ಗೀರು ಗ್ಯಾರಂಟಿ. ಮೊದಲು ನೀರು ಬಿಟ್ಟು ಧೂಳಿಳಿಸಿ, ಆಮೇಲೆ ಕಾರ್ ಶಾಂಪೂ. ಬೆಳಗ್ಗೆಯೇ ತೊಳೆಯಿರಿ, 40 ಡಿಗ್ರಿ ಬಿಸಿಲಲ್ಲಿ ಕಾದ ಬಾನೆಟ್ ಮೇಲೆ ಗಡಸು ನೀರಿನ ಹನಿ ಅಲ್ಲೇ ಆರಿ ಬಿಳಿ ಕಲೆಯಾಗುತ್ತದೆ.