ಸಂಜೆ ತಂದ ಸೊಪ್ಪು ಬೆಳಗಾಗುವಷ್ಟರಲ್ಲಿ ಹಾಳಾಗುವುದು ಯಾಕೆ?

ಸಂಜೆ ಮಾರ್ಕೆಟ್ಟಿನಲ್ಲಿ ಅಗ್ಗಕ್ಕೆ ತಂದ ಸೊಪ್ಪು ಮರುದಿನವೇ ಲೋಳೆಯಾಗುತ್ತದೆ, ಬೆಳಿಗ್ಗೆಯೇ ಹೋಗಬೇಕಾ ಅಂತ ಕೇಳಿದ್ದೀರಿ. ಸೊಪ್ಪಿಗಾದರೆ ಹೌದು. ಕಿತ್ತ ಮೇಲೂ ಎಲೆಯಿಂದ ನೀರು ಆರುತ್ತಲೇ ಇರುತ್ತದೆ, ಬಿಸಿಲಿಗೆ ಇನ್ನೂ ಜಾಸ್ತಿ. ಅದಕ್ಕೇ ಮಾರುವವರು ಆಗಾಗ ನೀರು ಚಿಮುಕಿಸುತ್ತಾರೆ. ಆ ಹೊಳಪಿಗೆ ಮರುಳಾಗಬೇಡಿ, ನಾನೂ ಬಹಳ ದಿನ ಮೋಸ ಹೋಗಿದ್ದೇನೆ. ಕಟ್ಟನ್ನು ತಿರುಗಿಸಿ ದಂಟಿನ ತುದಿ ನೋಡಿ. ಕಂದು ಬಣ್ಣಕ್ಕೆ ತಿರುಗಿ ಒಣಗಿದ್ದರೆ ಹಳೆಯದು. ದಾರ ಕಟ್ಟಿದ ಜಾಗಕ್ಕೆ ಬೆರಳು ತೂರಿಸಿ ನೋಡಿ. ಕೊಳೆಯಲು ಶುರುವಾಗುವುದು ಸಾಮಾನ್ಯವಾಗಿ ಅಲ್ಲೇ.

ಮನೆಗೆ ಬಂದ ತಕ್ಷಣ ದಾರ ಬಿಚ್ಚಿ, ಒದ್ದೆ ಆರಿಸಿ, ಒಣ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿಡಿ. ಸುಮ್ನೆ ಪ್ಲಾಸ್ಟಿಕ್ ಕವರಿನಲ್ಲೇ ಬಿಟ್ಟರೆ ಬೆಳಗಿನ ಸೊಪ್ಪೂ ಉಳಿಯುವುದಿಲ್ಲ. ಈರುಳ್ಳಿ, ಆಲೂಗಡ್ಡೆಗೆ ಸಂಜೆ ಹೋದರೂ ನಡೆಯುತ್ತದೆ. ಚೌಕಾಸಿಗೂ ಆಗಲೇ ಸುಲಭ, ಅಲ್ವಾ?